ನೀರು ಬರುವ ಮೊದಲೇ ಪಾಲಿಸಿ ನಮ್ಮ ಕೈಗೆ ಕೊಡಿ: ಹೊಳೆದಂಡೆಯ ಸಣ್ಣ ವ್ಯಾಪಾರಸ್ಥರ ಹಕ್ಕೊತ್ತಾಯ ಪತ್ರ

ಇವರಿಗೆ,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಹೈದರಾಬಾದ್
ಹಣಕಾಸು ಸೇವೆಗಳ ಇಲಾಖೆ, ಕೇಂದ್ರ ಹಣಕಾಸು ಸಚಿವಾಲಯ, ನವದೆಹಲಿ
ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿ, ಬೆಂಗಳೂರು
ವಾಣಿಜ್ಯ ಮತ್ತು ಕೈಗಾರಿಕೆ ಇಲಾಖೆ, ಕರ್ನಾಟಕ ಸರ್ಕಾರ

ಮಾನ್ಯರೇ,

2019ರ ಆಗಸ್ಟಿನಲ್ಲಿ ನಮ್ಮೂರಿಗೆ ಹೊಳೆ ಬಂತು. ಪ್ರವಾಹ, ನೆರೆ ಎಂದು ಪತ್ರಿಕೆಯವರು ಬರೆಯುತ್ತಾರೆ. ಘಟಪ್ರಭೆಯ ದಂಡೆಯಲ್ಲಿರುವ ನಾವು ಹೊಳೆ ಬಂತು ಅಂತಷ್ಟೇ ಹೇಳುತ್ತೇವೆ. ಮೇಲೆ ಮಳೆ ನಿಲ್ಲಲಿಲ್ಲ, ಹಿಡಕಲ್ ಜಲಾಶಯದಿಂದ ನೀರು ಬಿಟ್ಟರು, ಮಾರ್ಕಂಡೇಯವೂ ತುಂಬಿ ಬಂತು. ಕೆಳಗಿನ ಪೇಟೆಯಲ್ಲಿ ನೀರು ಶಟರಿನ ಅರ್ಧಕ್ಕೆ ಏರಿತು. ಇಳಿದ ಮೇಲೆ ಬಾಗಿಲು ತೆಗೆದರೆ ಸಕ್ಕರೆ ಚೀಲಗಳಲ್ಲಿ ಚೀಲ ಮಾತ್ರ ಉಳಿದಿತ್ತು. ಒಂದು ಸೀರೆಯ ಬಣ್ಣ ಹತ್ತು ಸೀರೆಗೆ ಹತ್ತಿತ್ತು. ಕಿರ್ದಿ ಪುಸ್ತಕಗಳನ್ನು ಬಿಸಿಲಿಗೆ ಇಟ್ಟೆವು, ಅವು ಒಣಗಿ ಇಟ್ಟಂಗಿಯಾದವು.

‘ಇನ್ಶೂರೆನ್ಸ್ ಐತಲ್ಲ, ಯಾಕ ಚಿಂತಿ’ ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು. ಆ ಸಮಾಧಾನ ಒಂದು ವಾರ ಬಾಳಿತು. ಒಬ್ಬರ ಪಾಲಿಸಿ ಬ್ಯಾಂಕಿನ ಕಪಾಟಿನಲ್ಲಿತ್ತು, ಹುಡುಕಿ ತೆಗೆದಾಗ ಅದರ ಅವಧಿ ಜೂನ್‌ನಲ್ಲೇ ಮುಗಿದಿತ್ತು. ಇನ್ನೊಬ್ಬರ ಪಾಲಿಸಿಯಲ್ಲಿ ಬೆಂಕಿ ಇತ್ತು, ಸಿಡಿಲಿತ್ತು, ನೆರೆ ಮಾತ್ರ ಇರಲಿಲ್ಲ; ಕಂತು ನಾಲ್ಕು ಕಾಸು ಕಡಿಮೆಯಾಗಲೆಂದು ಅದನ್ನು ತೆಗೆಸಿದ್ದರು. ಹೊಳೆಯಿಂದ ಕೂಗಳತೆಯಲ್ಲಿರುವ ಅಂಗಡಿಗೆ ನೆರೆ ಬೇಡ ಎಂದು ಬರೆದವರು ಯಾರು ಎಂಬುದು ಇವತ್ತಿಗೂ ಗೊತ್ತಾಗಿಲ್ಲ. ಮೂರನೆಯವರದರಲ್ಲಿ ಎಲ್ಲವೂ ಸರಿಯಿತ್ತು, ವಿಳಾಸ ಮಾತ್ರ ಐದು ವರ್ಷದ ಹಿಂದೆ ಬಿಟ್ಟ ಅಂಗಡಿಯದು. ಸರಕು ಈ ಓಣಿಯಲ್ಲಿ, ವಿಮೆ ಆ ಓಣಿಯಲ್ಲಿ.

ನಾವೆಲ್ಲ ವಿಮೆಯ ದುಡ್ಡು ಕಟ್ಟಿಕೊಂಡು ಬಂದವರೇ. ವಿಮೆಯನ್ನು ಆರಿಸಿಕೊಂಡವರು ಮಾತ್ರ ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಅಕ್ಕಿ ಕೊಳ್ಳುವಾಗ ಮುಷ್ಟಿಯಲ್ಲಿ ಹಿಡಿದು ಮೂಸಿ ನೋಡುವ, ಬಟ್ಟೆ ಕೊಳ್ಳುವಾಗ ಎಳೆ ಎಣಿಸುವ ವ್ಯಾಪಾರಸ್ಥರು ವಿಮೆಯನ್ನು ಮಾತ್ರ ಕಣ್ಣುಮುಚ್ಚಿ ಕೊಂಡಿದ್ದೆವು. ತಪ್ಪು ಪೂರ್ತಿ ನಿಮ್ಮದೆಂದು ಹೇಳುವುದಿಲ್ಲ, ನಮ್ಮ ಪಾಲಿನದನ್ನು ಮುಂದೆ ಬರೆದಿದ್ದೇವೆ. ಆದರೆ ನೋಡಿ ಆರಿಸಿಕೊಳ್ಳೋಣವೆಂದರೆ ನಮ್ಮ ಮುಂದೆ ಹರವಿಟ್ಟದ್ದಾದರೂ ಏನು?

ಆಮೇಲೆ ಒಳ್ಳೆಯ ಬದಲಾವಣೆಯೂ ಆಗಿದೆ, ಅದನ್ನು ಮುಚ್ಚಿಡುವುದಿಲ್ಲ. 2021ರ ಏಪ್ರಿಲ್ 1ರಿಂದ ಹಳೆಯ ಬೆಂಕಿ ಪಾಲಿಸಿಯ ಜಾಗದಲ್ಲಿ, ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’, ಅದಕ್ಕೆ ಮೇಲ್ಪಟ್ಟು 50 ಕೋಟಿವರೆಗೆ ‘ಭಾರತ್ ಲಘು ಉದ್ಯಮ ಸುರಕ್ಷಾ’ ಎಂಬ ಪಾಲಿಸಿಗಳು ಬಂದವು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ, ಭಯೋತ್ಪಾದನೆ ಎಲ್ಲ ಒಂದೇ ಚೀಲದಲ್ಲಿ. ಯಾವ ಕಂಪನಿಯಿಂದ ತಗೊಂಡರೂ ಮೂಲ ಷರತ್ತುಗಳು ಒಂದೇ. ಇಷ್ಟು ಸರಳ ಮಾಡಿದ ಪ್ರಾಧಿಕಾರಕ್ಕೆ ನಾವು ಕೃತಜ್ಞರು. ಆದರೆ ಚೀಲ ಒಳ್ಳೆಯದಾಯಿತೆಂದರೆ ಅಳತೆ ಸರಿಯಾಯಿತೆಂದಲ್ಲ. ಅದಕ್ಕಾಗಿ ಈ ಪತ್ರ.

1. ಪಾಲಿಸಿ ನಮ್ಮ ಕೈಯಲ್ಲಿರಬೇಕು, ಕನ್ನಡದಲ್ಲಿರಬೇಕು.

ಸಾಲ ಕೊಟ್ಟ ಬ್ಯಾಂಕಿನ ಹತ್ತಿರ ಒಂದು ಪ್ರತಿ ಇರಲಿ, ನಮ್ಮ ತಕರಾರಿಲ್ಲ. ಆದರೆ ನಮ್ಮ ಖಾತೆಯಿಂದ ದುಡ್ಡು ಕಡಿದುಕೊಂಡು ಮಾಡಿಸಿದ ಪಾಲಿಸಿಯ ಪ್ರತಿ ನಮ್ಮ ಕೈಗೇ ಬರಬೇಕು, ಜೊತೆಗೆ ನಮ್ಮ ಹೆಸರಿನಲ್ಲಿ ತುಂಬಿದ ಪ್ರಪೋಸಲ್ ಫಾರಂ ಕೂಡ. ಆ ಫಾರಮ್ಮಿನಲ್ಲಿ ಏನು ಬರೆದಿದೆಯೋ ಅದರ ಮೇಲೆಯೇ ಕ್ಲೇಮು ನಿಲ್ಲುವುದು, ಬೀಳುವುದು. ಅದನ್ನು ಏಜೆಂಟರು ತುಂಬುತ್ತಾರೆ, ನಾವು ಇಂಟು ಗುರುತು ಹಾಕಿದ ಕಡೆಯಲ್ಲೆಲ್ಲ ಸಹಿ ಮಾಡುತ್ತೇವೆ. ಸಹಿ ಕನ್ನಡದಲ್ಲಿದ್ದರೆ, ‘ನನಗೆ ಓದಿ ಹೇಳಲಾಗಿದೆ, ಅರ್ಥವಾಗಿದೆ’ ಎಂಬ ಇನ್ನೊಂದು ಸಾಲಿನ ಕೆಳಗೂ ಸಹಿ ಹಾಕಿಸಿಕೊಳ್ಳುತ್ತಾರೆ. ಓದಿ ಹೇಳಿದವರನ್ನು ನಾವಂತೂ ಕಂಡಿಲ್ಲ.

ವಿಮಾ ದಾಖಲೆಗಳನ್ನು ಸಂವಿಧಾನ ಮಾನ್ಯ ಮಾಡಿದ ಭಾಷೆಗಳಲ್ಲಿ ಕೊಡುವುದಕ್ಕೆ ಪ್ರಾಧಿಕಾರದ ನಿಯಮಗಳೇ ಅವಕಾಶ ಕೊಟ್ಟಿವೆ. ‘ಕೊಡಬಹುದು’ ಎಂಬುದು ‘ಕೊಡಬೇಕು’ ಆಗಲಿ. ಗ್ರಾಹಕ ಮಾಹಿತಿ ಪತ್ರ ಎಂಬ ಪದ್ಧತಿಯನ್ನೂ ಪ್ರಾಧಿಕಾರವೇ ತಂದಿದೆ. ಅಂಗಡಿ ಮತ್ತು ಕಿರು ಉದ್ದಿಮೆಯ ಪಾಲಿಸಿಗೆ ಅದು ಎರಡು ಪುಟ ಮೀರದೆ, ಕಣ್ಣಿಗೆ ಕಾಣುವ ಅಕ್ಷರದಲ್ಲಿ, ಕನ್ನಡದಲ್ಲಿ ಬರಲಿ. ಕೋರ್ಟಿನ ಕನ್ನಡ ಬೇಡ. ‘ಆಪತ್ಸಂಭವ’ ಎಂದು ಬರೆದರೆ ನಾವು ಇಂಗ್ಲಿಷಿಗೇ ವಾಪಸು ಹೋಗುತ್ತೇವೆ.

2. ವಿಮೆ ಸಾಲದ ಮೊತ್ತಕ್ಕಲ್ಲ, ಸರಕಿನ ಮೊತ್ತಕ್ಕೆ ಆಗಬೇಕು.

ನಮ್ಮ ಪೇಟೆಯಲ್ಲಿ ಅತಿ ಹೆಚ್ಚು ದುಡ್ಡು ಮುಳುಗಿದ್ದು ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಒಬ್ಬ ಬಟ್ಟೆ ವ್ಯಾಪಾರಿಯ ಅಂಗಡಿಯಲ್ಲಿ 20 ಲಕ್ಷದ ಮಾಲು ಇದೆಯೆನ್ನಿ. ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲ 12 ಲಕ್ಷ. ಬ್ಯಾಂಕು ತನ್ನ ಸಾಲದ ಮಟ್ಟಿಗೆ 12 ಲಕ್ಷಕ್ಕೆ ವಿಮೆ ಮಾಡಿಸಿ ಕಂತನ್ನು ಖಾತೆಗೆ ಹಾಕುತ್ತದೆ. ನೀರು ಬಂದು 5 ಲಕ್ಷದ ಮಾಲು ಹಾಳಾಯಿತು. ವ್ಯಾಪಾರಿಯ ಲೆಕ್ಕ ಸರಳ: 12 ಲಕ್ಷದ ವಿಮೆ ಇದೆ, 5 ಲಕ್ಷ ಅದರೊಳಗೇ ಬಂತು, ಪೂರಾ ಸಿಗುತ್ತದೆ. ವಿಮೆಯವರ ಲೆಕ್ಕವೇ ಬೇರೆ. ‘20ಕ್ಕೆ 12 ಮಾಡಿಸಿದ್ದೀರಿ, ಅಂದರೆ ನೂರಕ್ಕೆ ಅರವತ್ತು ಮಾತ್ರ. ಉಳಿದ ನಲವತ್ತಕ್ಕೆ ನಿಮಗೆ ನೀವೇ ವಿಮೆದಾರರು. ಆದ್ದರಿಂದ 5 ಲಕ್ಷದ ನಷ್ಟದಲ್ಲಿ ನಮ್ಮ ಪಾಲು 3 ಲಕ್ಷ. ಅದರಲ್ಲೂ ನೀವು ಹೊರಬೇಕಾದ ಮೊದಲ ಮೊತ್ತವನ್ನು ಕಳೆಯುತ್ತೇವೆ, ನೆನೆದ ಮಾಲನ್ನು ಮಾರಿ ಬರುವುದನ್ನೂ ಕಳೆಯುತ್ತೇವೆ.’

ಈ ನಿಯಮ ಅನ್ಯಾಯ ಎಂದು ನಾವು ವಾದಿಸುವುದಿಲ್ಲ. ಅರ್ಧ ಕಂತು ಕಟ್ಟಿದವನೂ ಪೂರ್ತಿ ಕಂತು ಕಟ್ಟಿದವನೂ ಒಂದೇ ಪರಿಹಾರ ಕೇಳಿದರೆ ವಿಮೆ ಎಂಬುದು ನಡೆಯದು. ಹೊಸ ‘ಭಾರತ್ ಸೂಕ್ಷ್ಮ’ ಪಾಲಿಸಿಯಲ್ಲಿ ಒಂದು ಮಾಫಿಯೂ ಇದೆ: ಕೊರತೆ ನೂರಕ್ಕೆ 15 ಮೀರದಿದ್ದರೆ ಈ ಕಡಿತವಿಲ್ಲ. ಅದೇ ವ್ಯಾಪಾರಿ 18 ಲಕ್ಷಕ್ಕೆ ಮಾಡಿಸಿದ್ದರೆ ಈ ಎರಡು ಲಕ್ಷದ ಹೊಡೆತವೇ ಇರುತ್ತಿರಲಿಲ್ಲ. ಆ 6 ಲಕ್ಷದ ಹೆಚ್ಚಿನ ವಿಮೆಗೆ ಆತ ಕಟ್ಟಬೇಕಾಗಿದ್ದುದು ಗಲ್ಲಾದಲ್ಲಿ ಒಂದು ದಿನ ಬೀಳುವ ದುಡ್ಡಿಗಿಂತ ಹೆಚ್ಚೇನೂ ಇರಲಿಲ್ಲ. ಅದನ್ನು ಹೇಳುವವರು ಮಾತ್ರ ಬೇಕಿತ್ತು.

ನಮ್ಮ ಒತ್ತಾಯ ಇದು. ಬ್ಯಾಂಕಿಗೆ ನಾವು ತಿಂಗಳು ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತೇವೆ. 20 ಲಕ್ಷದ ಮಾಲಿದೆ ಎಂಬ ಕಾಗದ ಒಂದು ಮೇಜಿನ ಮೇಲೆ, 12 ಲಕ್ಷದ ವಿಮೆ ಅದೇ ಶಾಖೆಯ ಪಕ್ಕದ ಮೇಜಿನ ಮೇಲೆ. ಎರಡನ್ನೂ ಕೂಡಿಸಿ ನೋಡುವುದು ಬ್ಯಾಂಕಿನ ಕೆಲಸವಾಗಲಿ. ವ್ಯತ್ಯಾಸ ನೂರಕ್ಕೆ 15 ದಾಟಿದರೆ ವ್ಯಾಪಾರಿಗೆ ಬರೆದು ತಿಳಿಸಲಿ. ಆಮೇಲೂ ಕಡಿಮೆ ವಿಮೆ ಸಾಕೆನ್ನುವವರು ಸಹಿ ಮಾಡಿ ಹೇಳಲಿ. ಪಾಲಿಸಿಯ ಮೊದಲ ಪುಟದಲ್ಲೇ ‘ನಿಮ್ಮ ಮಾಲು ಇಷ್ಟು, ವಿಮೆ ಇಷ್ಟು, 1 ಲಕ್ಷ ನಷ್ಟವಾದರೆ ನಿಮಗೆ ಸಿಗುವುದು ಇಷ್ಟು’ ಎಂದು ಮೂರು ಸಾಲು ಇರಲಿ.

ಇನ್ನೊಂದು ಮಾತು. ಪೇಟೆಯ ಮಾಲು ವರ್ಷವಿಡೀ ಒಂದೇ ಸಮ ಇರುವುದಿಲ್ಲ. ದೀಪಾವಳಿಯ ಮುಂದೆ, ಲಗ್ನದ ಹಂಗಾಮಿನಲ್ಲಿ ಅಂಗಡಿ ಉಕ್ಕುತ್ತದೆ, ಆಷಾಢದಲ್ಲಿ ಕಪಾಟು ಕಾಣುತ್ತದೆ. ಮಾಲು ಉಕ್ಕುವ ಆ ತಿಂಗಳುಗಳಿಗೆ ವಿಮಾ ಮೊತ್ತವನ್ನು ಒಂದು ಫೋನಿನಲ್ಲಿ ಏರಿಸುವ ವ್ಯವಸ್ಥೆ ದೊಡ್ಡ ಗೋದಾಮಿನವರಿಗೆ ಮಾತ್ರವಲ್ಲ, ಹತ್ತು ಲಕ್ಷದ ಅಂಗಡಿಗೂ ಬೇಕು.

3. ಕಂಪನಿಯನ್ನು ನಾವು ಆರಿಸುತ್ತೇವೆ. ಬ್ಯಾಂಕು ಮಾಡಿಸುವುದಾದರೆ ನವೀಕರಣದ ಹೊಣೆ ಬ್ಯಾಂಕಿನದು.

ವಿಮೆ ಮಾರುವ ಬ್ಯಾಂಕು ಒಂದೊಂದು ಬಗೆಯ ವಿಮೆಯಲ್ಲಿ ಒಂಬತ್ತು ಕಂಪನಿಗಳವರೆಗೆ ಒಪ್ಪಂದ ಮಾಡಿಕೊಳ್ಳಬಹುದು ಎಂದು 2022ರಲ್ಲಿ ನಿಯಮ ಸಡಿಲಾಯಿತು. ನಮ್ಮ ಶಾಖೆಗಳಲ್ಲಿ ನಮಗೆ ಕಂಡದ್ದು ಒಂದೇ ಕಂಪನಿಯ ಫಾರಂ. ಕನಿಷ್ಠ ಮೂರು ಕಂಪನಿಗಳ ದರವನ್ನು ಬರೆದು ತೋರಿಸಲಿ, ಹೊರಗಿನಿಂದ ನಾವೇ ತಂದ ಪಾಲಿಸಿಯನ್ನು ಮುಖ ಸಿಂಡರಿಸದೆ ಒಪ್ಪಿಕೊಳ್ಳಲಿ. ಸಾಲ ಮಂಜೂರಾಗುವ ದಿನವೇ ‘ಇದೊಂದು ಜೀವವಿಮೆ ಮಾಡಿಬಿಡಿ ಸಾಹುಕಾರ್ರ’ ಎಂದು ಹತ್ತು ವರ್ಷದ ಕಂತಿನ ಕಾಗದವನ್ನು ಮುಂದೆ ಸರಿಸುವ ಪದ್ಧತಿ ನಿಲ್ಲಲಿ. ಅಂಗಡಿಯ ಛಾವಣಿ ಸೋರುತ್ತಿರುವಾಗ ನಮಗೆ ಬೇಕಿರುವುದು ಛಾವಣಿಯ ವಿಮೆ.

ಖಾತೆಯಿಂದ ತಾನಾಗಿಯೇ ಕಂತು ಕಡಿದು ನವೀಕರಿಸುವ ರೂಢಿ ಹಾಕಿದ ಬ್ಯಾಂಕು ಒಂದು ವರ್ಷ ಮರೆತರೆ, ಆ ವರ್ಷವೇ ಹೊಳೆ ಬಂದರೆ, ನಷ್ಟ ಯಾರದು? ಗ್ರಾಹಕರ ಆಯೋಗಕ್ಕೆ ಅಲೆಯದೆ ಇದಕ್ಕೆ ಉತ್ತರ ಸಿಗುವಂತೆ ಸ್ಪಷ್ಟ ನಿಯಮ ಬರಲಿ.

4. ಏನು ಬರುವುದಿಲ್ಲ ಎಂಬುದನ್ನು ಧಂದೆಗೆ ತಕ್ಕಂತೆ ಮೊದಲೇ ಹೇಳಿ.

ಎಲ್ಲ ಅಂಗಡಿಗೂ ಬೆಂಕಿ ಒಂದೇ ರೀತಿ ಬೀಳುವುದಿಲ್ಲ. ಪಾಲಿಸಿ ಎಲ್ಲರಿಗೂ ಒಂದೇ ಆದ ಮೇಲೆ, ಯಾರಿಗೆ ಎಲ್ಲಿ ತೂತಿದೆ ಎಂಬುದನ್ನು ಅವರವರಿಗೆ ತೋರಿಸುವುದು ಮಾರುವವರ ಧರ್ಮ.

ನೇಕಾರರ ಮಾತು ತಗೊಳ್ಳಿ. ಮಗ್ಗದ ಮೋಟರಿನಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತಿತು. ಪಕ್ಕದ ನೂಲಿಗೂ ಛಾವಣಿಗೂ ಬೆಂಕಿ ಹರಡಿದರೆ ಅದಕ್ಕೆ ಬೆಂಕಿ ಪಾಲಿಸಿಯಲ್ಲಿ ಪರಿಹಾರವಿದೆ. ಸುಟ್ಟುಹೋದ ಆ ಮೋಟರಿಗೆ ಇಲ್ಲ. ಅದಕ್ಕೆ ಯಂತ್ರ ಕೆಡುವುದರ ವಿಮೆ ಬೇರೆ. ಮೋಟರು ಸುಟ್ಟು ಕೂತವರಿಗೆ ಈ ವ್ಯತ್ಯಾಸವನ್ನು ವಿವರಿಸುವುದು ಸುಟ್ಟ ಗಾಯಕ್ಕೆ ಉಪ್ಪು ಸವರಿದಂತೆ. ಹಾಲಿನ ಡೇರಿ, ಐಸ್‌ಕ್ರೀಂ ಅಂಗಡಿಯವರದು ಬೇರೆ ಕತೆ: ಎರಡು ದಿನ ಕರೆಂಟು ಹೋಗಿ ಫ್ರಿಜ್ಜಿನ ಮಾಲು ಕೆಟ್ಟರೆ ಹೆಚ್ಚುವರಿ ರಕ್ಷಣೆ ತಗೊಳ್ಳದವರಿಗೆ ಏನೂ ಬರುವುದಿಲ್ಲ. ಇನ್ನು ಎಲ್ಲರಿಗೂ ಸೇರಿದ್ದೊಂದು: ಮಾಲಿಗೆ ಸಿಗುವುದು ಕೊಂಡ ಬೆಲೆ. ಮಾರುವ ಬೆಲೆ ಹಾಕಿ ಕ್ಲೇಮು ಬರೆದು, ಆಮೇಲೆ ಸುಳ್ಳುಗಾರರೆನಿಸಿಕೊಂಡವರು ನಮ್ಮಲ್ಲಿದ್ದಾರೆ.

ಅದೇ ರೀತಿ, ಪಾಲಿಸಿಯಲ್ಲಿ ಇದ್ದೂ ನಮಗೆ ಗೊತ್ತಿಲ್ಲದ ಅನುಕೂಲಗಳನ್ನೂ ಹೇಳಿ. ಸೂಕ್ಷ್ಮ ಉದ್ಯಮದ ಪಾಲಿಸಿಯಲ್ಲಿ ಗಲ್ಲಾದ ನಗದಿಗೆ 50,000 ರೂಪಾಯಿವರೆಗೆ, ಕಾಗದಪತ್ರಕ್ಕೆ 50,000ವರೆಗೆ ರಕ್ಷಣೆ ಸೇರಿಯೇ ಇದೆ. ಅವಶೇಷ ತೆಗೆದುಹಾಕುವ ಖರ್ಚಿಗೂ ಒಂದು ಪಾಲಿದೆ. ಕೆಸರು ಎತ್ತಿದ ಕೂಲಿಯ ರಸೀದಿ ಇಟ್ಟುಕೊಳ್ಳಿ ಎಂದು ಒಬ್ಬರಾದರೂ ಮೊದಲೇ ಹೇಳಿದ್ದರೆ!

ಆದ್ದರಿಂದ ಕಿರಾಣಿ, ಬಟ್ಟೆ, ಮಗ್ಗ, ಖಾನಾವಳಿ, ಔಷಧಿ, ಗ್ಯಾರೇಜು, ಬೇಕರಿ, ಧಾನ್ಯದ ಅಡತಿ ಹೀಗೆ ಒಂದೊಂದು ಧಂದೆಗೂ ಒಂದು ಪುಟದ ಕನ್ನಡ ಹಾಳೆಯನ್ನು ಪ್ರಾಧಿಕಾರವೇ ತಯಾರಿಸಿ ಕೊಡಲಿ. ‘ಬಿಮಾ ಸುಗಮ್’ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಕಾರು, ಬೈಕು, ಆರೋಗ್ಯದ ಜೊತೆ ಅಂಗಡಿಯ ವಿಮೆಯನ್ನೂ ಕನ್ನಡದಲ್ಲಿ ಹೋಲಿಸಿ ನೋಡುವಂತಿರಲಿ.

5. ಕಳವು ಎಂದರೆ ಏನೆಂದು ತಿಳಿಸಿ.

ಬೆಂಕಿ ಪಾಲಿಸಿಯಲ್ಲಿ ಕಳವು ಬರುವುದು ಬೆಂಕಿಯೋ ನೆರೆಯೋ ಆದ ಏಳು ದಿನದೊಳಗೆ ಆ ಗದ್ದಲದಲ್ಲಿ ಆದರೆ ಮಾತ್ರ. ಮಾಮೂಲಿ ಕಳವಿಗೆ ಬರ್ಗ್ಲರಿ ಪಾಲಿಸಿ ಬೇರೆ, ಅದರಲ್ಲೂ ಬೀಗ ಮುರಿದ, ಶಟರು ಎತ್ತಿದ ಗುರುತು ಬೇಕು. ಗಿರಾಕಿಯ ವೇಷದಲ್ಲಿ ಬಂದು ಸೀರೆ ಅಡಗಿಸಿಕೊಂಡು ಹೋದರೆ, ನಂಬಿದ ಗುಮಾಸ್ತನೇ ಕೈಯಾಡಿಸಿದರೆ, ಅದು ಈ ಲೆಕ್ಕಕ್ಕಿಲ್ಲ. ಗುಮಾಸ್ತನ ವಿಷಯಕ್ಕೆ ನಿಷ್ಠೆಯ ವಿಮೆ ಎಂಬುದು ಇನ್ನೊಂದು. ಕಳವಿನ ಕ್ಲೇಮಿಗೆ ಪೊಲೀಸರ ಅಂತಿಮ ವರದಿ ಬೇಕೆಂದು ತಿಂಗಳುಗಟ್ಟಲೆ ಕಾಯಿಸುವ ಬದಲು, ಎಫ್‌ಐಆರ್ ಆಗಿ ಮೂರು ತಿಂಗಳಾದರೆ ಮುಚ್ಚಳಿಕೆ ಬರೆಸಿಕೊಂಡು ಹಣ ಕೊಡುವ ಪದ್ಧತಿ ಬರಲಿ.

6. ಸರ್ವೇಯರು ಕೆಸರು ಒಣಗುವ ಮೊದಲು ಬರಲಿ.

2024ರ ಜೂನ್ ತಿಂಗಳಲ್ಲಿ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯ ಗಡುವು ಓದಲು ಚೆನ್ನಾಗಿದೆ: ಕ್ಲೇಮು ತಿಳಿಸಿದ 24 ಗಂಟೆಯೊಳಗೆ ಸರ್ವೇಯರ ನೇಮಕ, 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ತೀರ್ಮಾನ. ಕಾಗದಪತ್ರ ಸಾಲದು ಎಂಬ ಒಂದೇ ಕಾರಣಕ್ಕೆ ಕ್ಲೇಮು ತಿರಸ್ಕರಿಸಬಾರದು ಎಂದೂ ಇದೆ. ಅಂಗಡಿ ಮತ್ತು ಕಿರು ಉದ್ದಿಮೆಯ ಬೆಂಕಿ, ನೆರೆ ಕ್ಲೇಮುಗಳಿಗೆ ಈ ಗಡುವು ಅನುಮಾನಕ್ಕೆ ಎಡೆಯಿಲ್ಲದಂತೆ ಅನ್ವಯಿಸಲಿ, ಮೀರಿದರೆ ದಿನಕ್ಕಿಷ್ಟು ಎಂದು ಕಂಪನಿ ತಾನಾಗಿಯೇ ಬಡ್ಡಿ ಕಟ್ಟಲಿ. ಅರ್ಜಿ ಹಾಕಿ ಕೇಳುವಂತಾಗಬಾರದು.

2019ರಲ್ಲಿ ನಮ್ಮ ಜಿಲ್ಲೆಯ ಊರೂರೂ ಒಟ್ಟಿಗೇ ಮುಳುಗಿದವು. ಸರ್ವೇಯರುಗಳು ನೂರು ಕಡೆ ಹೇಗೆ ಓಡಬೇಕು ಎಂಬುದು ನಮಗೂ ಅರ್ಥವಾಗುತ್ತದೆ. ಅದಕ್ಕೆ ನಮ್ಮ ಸಲಹೆ: ತಾಲೂಕನ್ನು ನೆರೆಪೀಡಿತ ಎಂದು ಸರ್ಕಾರ ಘೋಷಿಸಿದ ದಿನದಿಂದ, ಅಂಗಡಿಕಾರರು ಮೊಬೈಲಿನಲ್ಲಿ ತೆಗೆದ ವೀಡಿಯೊ, ಕಂದಾಯ ಇಲಾಖೆಯ ಪಂಚನಾಮೆ, ಇಬ್ಬರು ನೆರೆಹೊರೆಯವರ ಹೇಳಿಕೆ ಇವಿಷ್ಟನ್ನು ಸಾಕ್ಷಿಯೆಂದು ಒಪ್ಪಿ ಮಾಲು ತೆರವು ಮಾಡಲು ಬಿಡಿ. ಸರ್ವೇಯರು ಬರಲಿ ಎಂದು ಕೊಳೆತ ಬೆಲ್ಲ, ಹುಳಿತ ಹಿಟ್ಟನ್ನು ಹನ್ನೆರಡು ದಿನ ಅಂಗಡಿಯೊಳಗೆ ಇಟ್ಟುಕೊಂಡು ಕೂತವರು ನಾವು. ಆ ವಾಸನೆ ಶ್ರಾವಣ ಮುಗಿಯುವವರೆಗೂ ಹೋಗಲಿಲ್ಲ. ಒಪ್ಪಿದ ನಷ್ಟದ ಅರ್ಧವನ್ನಾದರೂ ಮುಂಗಡವಾಗಿ ಕೊಡಿ. ವ್ಯಾಪಾರಸ್ಥನಿಗೆ ದುಡ್ಡು ಬೇಕಾಗುವುದು ಗಣೇಶನ ಹಬ್ಬದೊಳಗೆ. ಮುಂದಿನ ಯುಗಾದಿಗೆ ಬಂದರೆ ಆತ ಅಷ್ಟರಲ್ಲಿ ಬಡ್ಡಿಗೆ ತಂದಿರುತ್ತಾನೆ.

7. ನೆನೆದ ಕಿರ್ದಿಯ ಬದಲು ಜಿಎಸ್‌ಟಿ ಜಾಲತಾಣವನ್ನು ನೋಡಿ, ಮತ್ತು ಹಾಳಾದ ಮಾಲಿನ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಿಲ್ಲುಗಳು ಹೊಳೆ ಪಾಲಾದರೂ ನಮಗೆ ಮಾಲು ಕೊಟ್ಟವರು ಜಿಎಸ್‌ಟಿಯಲ್ಲಿ ತುಂಬಿದ ಲೆಕ್ಕ ಎಲ್ಲಿಯೂ ಹೋಗುವುದಿಲ್ಲ. ಅದನ್ನು, ಇ-ವೇ ಬಿಲ್ಲನ್ನು, ಸಗಟು ವ್ಯಾಪಾರಿಯ ಖಾತೆಯ ಪ್ರತಿಯನ್ನು ಖರೀದಿಯ ಪುರಾವೆಯೆಂದು ಒಪ್ಪಬೇಕು.

ಎರಡನೆಯದು ಲೆಕ್ಕಪರಿಶೋಧಕರಿಗೆ ಗೊತ್ತು, ವಿಮೆ ಮಾರುವವರು ಹೇಳುವುದಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ಕಳವಾದ, ನಾಶವಾದ ಸರಕಿನ ಮೇಲೆ ಪಡೆದಿದ್ದ ತೆರಿಗೆ ಜಮೆಯನ್ನು ವಾಪಸು ಮಾಡಬೇಕು. ಅಂದರೆ ಮುಳುಗಿದ ಸೀರೆಯ ಬೆಲೆಯೂ ಹೋಯಿತು, ಅದರ ತೆರಿಗೆಯೂ ಕೈಯಿಂದ ಹೋಯಿತು. ತೆರಿಗೆ ಸೇರಿಸದೆ ವಿಮಾ ಮೊತ್ತ ಬರೆಸಿದವರಿಗೆ ಆ ಭಾಗ ಸಿಗುವುದು ಕಷ್ಟ. ವಿಮಾ ಮೊತ್ತ ತೆರಿಗೆ ಸೇರಿಯೋ ಸೇರದೆಯೋ ಎಂಬ ಪ್ರಶ್ನೆಯನ್ನು ಪ್ರಪೋಸಲ್ ಫಾರಮ್ಮಿನಲ್ಲೇ ಕಡ್ಡಾಯ ಮಾಡಿ. ಸರ್ಕಾರ ಘೋಷಿಸಿದ ನೆರೆಯಲ್ಲಿ ನಾಶವಾದ ಮಾಲಿಗೆ ಈ ವಾಪಸಾತಿಯಿಂದ ವಿನಾಯಿತಿ ಕೊಡುವಂತೆ ಜಿಎಸ್‌ಟಿ ಮಂಡಳಿಯ ಮುಂದೆ ರಾಜ್ಯ ಸರ್ಕಾರ ಮಾತನಾಡಲಿ.

8. ಕಂತಿನ ಮೇಲಿನ 18 ಪರ್ಸೆಂಟ್ ಇಳಿಸಿ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ, ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಒಳ್ಳೆಯದೇ ಆಯಿತು. ಅಂಗಡಿಯ ವಿಮೆಗೆ 18 ಪರ್ಸೆಂಟ್ ಹಾಗೆಯೇ ಉಳಿದಿದೆ. ‘ಅದನ್ನು ಜಮೆ ತಗೊಳ್ಳಬಹುದಲ್ಲ’ ಎನ್ನುತ್ತಾರೆ. ಕಾಂಪೊಸಿಷನ್ ಪದ್ಧತಿಯಲ್ಲಿರುವ, ವರ್ಷಕ್ಕೆ ಒಂದೂವರೆ ಕೋಟಿಯೊಳಗಿನ ವಹಿವಾಟಿನ ವ್ಯಾಪಾರಿಗಳಿಗೆ ಆ ಜಮೆ ಇಲ್ಲ. ಪೇಟೆಯಲ್ಲಿ ಎಲ್ಲರಿಗಿಂತ ಸಣ್ಣವರೇ ಆ ತೆರಿಗೆಯನ್ನು ಪೂರ್ತಿ ನುಂಗಿಕೊಳ್ಳುತ್ತಿದ್ದಾರೆ. ಸೂಕ್ಷ್ಮ ಉದ್ಯಮ ಪಾಲಿಸಿಗಾದರೂ ಇದು ಹೋಗಲಿ.

9. ಮುಚ್ಚಿದ ದಿನಗಳಿಗೂ ಸಣ್ಣದೊಂದು ವಿಮೆ.

ಮಾಲು ಹೋದದ್ದು ಐದು ಲಕ್ಷ ಎಂದು ಎಣಿಸಬಹುದು. ಎರಡು ತಿಂಗಳು ಶಟರು ಎಳೆದಿದ್ದಾಗಲೂ ಕಟ್ಟಿದ ಬಾಡಿಗೆ, ಕೆಲಸದವರ ಪಗಾರ, ಬ್ಯಾಂಕಿನ ಬಡ್ಡಿ, ಬೇರೆ ಅಂಗಡಿ ರೂಢಿ ಮಾಡಿಕೊಂಡ ಗಿರಾಕಿ ಇವು ಯಾವ ಸರ್ವೇಯರ ವರದಿಯಲ್ಲೂ ಬರಲಿಲ್ಲ. ವ್ಯವಹಾರ ನಿಂತ ನಷ್ಟಕ್ಕೆ ವಿಮೆ ಇದೆ, ಆದರೆ ಅದರ ಫಾರಂ ತುಂಬಲು ಲೆಕ್ಕಪರಿಶೋಧಕರೇ ಬೇಕು, ಲಾಭದ ಲೆಕ್ಕ ಮೂರು ವರ್ಷದ್ದು ಬೇಕು. ಆಸ್ತಿಗೆ ಹಾನಿಯಾಗಿ ಮುಚ್ಚಿದರೆ ಮಾತ್ರ ಅದು ನಡೆಯುತ್ತದೆ. ಕೋವಿಡ್ಡಿನ ಕಾಲದಲ್ಲಿ ಗೋಡೆ ಗಟ್ಟಿಯಿದ್ದೂ ಬಾಗಿಲು ಮುಚ್ಚಿದವರಿಗೆ ಇದೇ ಕಾರಣಕ್ಕೆ ಅದು ಕೆಲಸಕ್ಕೆ ಬರಲಿಲ್ಲ. ನಮಗೆ ಬೇಕಾದದ್ದು ಸರಳ: ನೆರೆಯಿಂದಲೋ ಬೆಂಕಿಯಿಂದಲೋ ಅಂಗಡಿ ಮುಚ್ಚಿದರೆ ದಿನಕ್ಕೆ ಸಾವಿರ ಅಥವಾ ಎರಡು ಸಾವಿರ, ಅರವತ್ತು ದಿನದವರೆಗೆ, ಲೆಕ್ಕ ಕೇಳದೆ.

10. ಕೆಲಸದವರ ವಿಮೆಯ ಬಗ್ಗೆ ಹೆದರಿಸಬೇಡಿ, ತಿಳಿಸಿ.

ಹತ್ತು ಜನಕ್ಕಿಂತ ಕಡಿಮೆ ಕೆಲಸದವರಿರುವ ಅಂಗಡಿಗಳಲ್ಲಿ ಹೆಚ್ಚಿನವು ಇಎಸ್‌ಐ ಒಳಗೆ ಬರುವುದಿಲ್ಲ. ಆದರೆ ಕೆಲಸದ ಹೊತ್ತಿನಲ್ಲಿ ಅಪಘಾತವಾದರೆ ಪರಿಹಾರ ಕೊಡುವ ಹೊಣೆ ಮಾಲಕನದೇ. 1923ರ ಕಾಯ್ದೆಯ ಕಾಲದಿಂದ ಬಂದ ನಿಯಮ ಇದು. ಹಮಾಲರು ಚೀಲ ಹೊತ್ತು ಏಣಿಯಿಂದ ಬಿದ್ದ ದಿನವೇ ಅದು ನಮಗೆ ಗೊತ್ತಾಗುವುದು. ವರ್ಷಕ್ಕೆ 20 ರೂಪಾಯಿಯ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಮಾಡಿಸಿದ್ದೇವೆ, ಸಾಕು ಎಂದುಕೊಂಡವರು ಬಹಳ. ಅದು ಕೆಲಸದವರಿಗೆ ಸಿಗುವ 2 ಲಕ್ಷ, ಮಾಡಿಸುವುದು ಒಳ್ಳೆಯದೇ, ಆದರೆ ಅದರಿಂದ ಮಾಲಕನ ಹೊಣೆ ತೀರುವುದಿಲ್ಲ. ಇಬ್ಬರು ಮೂವರು ಕೆಲಸದವರ ಅಂಗಡಿಗೂ ‘ವರ್ಕ್‌ಮನ್ ಪಾಲಿಸಿ’ಯನ್ನು ಬೆಂಕಿ ಪಾಲಿಸಿಯ ಜೊತೆಗೇ ಕೊಡಿ.

11. ಮನೆಯಲ್ಲಿ ರೊಟ್ಟಿ ಬಡಿಯುವವರನ್ನೂ ಗಾಡಿ ತಳ್ಳುವವರನ್ನೂ ಮರೆಯಬೇಡಿ.

ನಮ್ಮ ಕಡೆ ಮನೆಯ ಪಡಸಾಲೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಪ್ಪಳ ಮಾಡಿ ಊರೂರಿಗೆ ಕಳಿಸುವ ಅಕ್ಕಂದಿರ ಸ್ವಸಹಾಯ ಸಂಘಗಳಿವೆ. ಮನೆಯ ವಿಮೆಯವರು ‘ಇದು ವ್ಯಾಪಾರದ ಮಾಲು’ ಎನ್ನುತ್ತಾರೆ, ಅಂಗಡಿಯ ವಿಮೆಯವರು ‘ಅಂಗಡಿ ಎಲ್ಲಿ, ಲೈಸನ್ಸ್ ಎಲ್ಲಿ’ ಎನ್ನುತ್ತಾರೆ. ರೊಟ್ಟಿಯ ಯಂತ್ರ ಎರಡರ ನಡುವೆ ಬಿದ್ದಿರುತ್ತದೆ. ಜಿಎಸ್‌ಟಿ ಇಲ್ಲದ ಕಿರು ಉದ್ದಿಮೆಗಳಿಗೆಂದೇ 2023ರಲ್ಲಿ ಶುರುವಾದ ಉದ್ಯಮ್ ಅಸಿಸ್ಟ್ ಪ್ರಮಾಣಪತ್ರವನ್ನು ವ್ಯಾಪಾರದ ಪುರಾವೆಯೆಂದು ಎಲ್ಲ ಕಂಪನಿಗಳೂ ಒಪ್ಪಲಿ. ತಳ್ಳುಗಾಡಿ, ಡಬ್ಬಿ ಅಂಗಡಿಗೂ ಅದೇ ಮಾತು.

12. ಓಂಬುಡ್ಸ್‌ಮನ್ ನಮ್ಮ ಕಡೆಗೂ ಬರಲಿ.

ವಿಮಾ ಓಂಬುಡ್ಸ್‌ಮನ್ ಎಂಬುದು ನಿಜಕ್ಕೂ ಒಳ್ಳೆಯ ಬಾಗಿಲು: ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗೆ ತೀರ್ಪು ಕೊಡಬಹುದು. ಕಂಪನಿ ಇಲ್ಲವೆಂದ ಒಂದು ವರ್ಷದೊಳಗೆ ಹೋಗಬೇಕು ಅಷ್ಟೆ. ಇಡೀ ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನಲ್ಲಿ ಒಂದೇ. ರಾತ್ರಿ ಬಸ್ಸು ಹತ್ತಿ ಹೋಗಿ ಬರುವುದರಲ್ಲಿ ಅಂಗಡಿ ಎರಡು ದಿನ ಬಂದ್. ಬೆಳಗಾವಿ, ಕಲಬುರಗಿ, ಮಂಗಳೂರಿನಲ್ಲಿ ಮೂರು ತಿಂಗಳಿಗೊಮ್ಮೆ ವಿಚಾರಣೆ ನಡೆಸಲಿ.

ಇನ್ನೊಂದು ತೊಡಕಿದೆ. ಈ ಬಾಗಿಲು ತೆರೆದಿರುವುದು ಒಬ್ಬರೇ ಮಾಲಕರಿರುವ ವ್ಯಾಪಾರಗಳಿಗೆ ಮತ್ತು ‘ಸೂಕ್ಷ್ಮ’ ಉದ್ಯಮಗಳಿಗೆ. 2025ರ ಏಪ್ರಿಲ್‌ನಿಂದ ಸೂಕ್ಷ್ಮ ಎಂದರೆ ವಹಿವಾಟು 10 ಕೋಟಿಯೊಳಗೆ. ಕಾಳುಕಡಿಯ ಸಗಟು ವ್ಯಾಪಾರದಲ್ಲಿ ವಹಿವಾಟು ದೊಡ್ಡದು, ಲಾಭ ರೂಪಾಯಿಗೆ ಎರಡು ಪೈಸೆ. ಅಣ್ಣತಮ್ಮಂದಿರು ಪಾಲುದಾರಿಕೆಯಲ್ಲಿ ನಡೆಸುವ ಅಡತಿ ಅಂಗಡಿ 10 ಕೋಟಿ ದಾಟಿದರೆ ‘ಸಣ್ಣ ಉದ್ಯಮ’ವಾಗುತ್ತದೆ, ಓಂಬುಡ್ಸ್‌ಮನ್ ಬಾಗಿಲು ಮುಚ್ಚುತ್ತದೆ. ಸಣ್ಣ ಉದ್ಯಮಗಳನ್ನೂ ಒಳಗೆ ಬಿಡಿ.

13. ನಮ್ಮ ಮೇಲೆ ನಾವೇ ಹೊರಿಸಿಕೊಳ್ಳುವುದು.

ನಾವೂ ಸಾಚಾ ಅಲ್ಲ. ಸಾಲ ಹೆಚ್ಚು ಸಿಗಲೆಂದು ಬ್ಯಾಂಕಿಗೆ ಹೆಚ್ಚು ಮಾಲು ತೋರಿಸುತ್ತೇವೆ, ತೆರಿಗೆ ಇಳಿಯಲೆಂದು ಇಲಾಖೆಗೆ ಕಡಿಮೆ ತೋರಿಸುತ್ತೇವೆ. ನೀರು ಬಂದ ಮೇಲೆ ಸರ್ವೇಯರು ಎರಡೂ ಕಾಗದವನ್ನು ಅಕ್ಕಪಕ್ಕ ಇಟ್ಟಾಗ ಬಾಯಿ ಕಟ್ಟುತ್ತದೆ. ನಮ್ಮ ಪೇಟೆಯ ಕ್ಲೇಮುಗಳು ಕುಂಟಿದ್ದಕ್ಕೆ ಇದೂ ಒಂದು ಕಾರಣ ಎಂದು ಬರೆದುಕೊಡುತ್ತೇವೆ. ಆದ್ದರಿಂದ ಇಷ್ಟನ್ನು ತೀರ್ಮಾನಿಸಿದ್ದೇವೆ: ಎಲ್ಲರಿಗೂ ಒಂದೇ ಸ್ಟಾಕು ಲೆಕ್ಕ, ತಿಂಗಳ ಕೊನೆಯಲ್ಲಿ ಅದರ ಫೋಟೊ ಊರ ಹೊರಗಿರುವ ಮಗಳಿಗೋ ಅಳಿಯನಿಗೋ ಮೊಬೈಲಿನಲ್ಲಿ, ಅಂಗಡಿ ಬದಲಿಸಿದರೆ, ಗೋದಾಮು ಹಿಡಿದರೆ, ಹೊಸ ಬಗೆಯ ಮಾಲು ತಂದರೆ ಆ ವಾರವೇ ಕಂಪನಿಗೆ ಪತ್ರ, ಪಾಲಿಸಿ ಮುಗಿಯುವ ದಿನ ಅಂಗಡಿಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ. ದೀಪಾವಳಿಯಲ್ಲಿ ಕಿರ್ದಿ ಪೂಜೆಯ ಜೊತೆ ಪಾಲಿಸಿಯನ್ನೂ ಇಟ್ಟು, ಅರಿಸಿನ ಕುಂಕುಮ ಹಚ್ಚುವ ಮೊದಲು ಒಮ್ಮೆ ಓದುವುದು. ಓದುವುದಕ್ಕೆ ಅದು ಕನ್ನಡದಲ್ಲಿರಬೇಕು, ಮೊದಲನೆಯ ಹಕ್ಕೊತ್ತಾಯ ನೋಡಿ.

14. ಉತ್ತರ ಮುಂಗಾರಿಗೆ ಮುಂಚೆ ಬರಲಿ.

ಈ ಪತ್ರ ನಾಲ್ಕು ಕಚೇರಿಗೆ ಹೋಗುತ್ತಿದೆ. ‘ಸಂಬಂಧಪಟ್ಟವರಿಗೆ ಕಳಿಸಲಾಗಿದೆ’ ಎಂಬ ಒಂದು ಸಾಲಿನ ಉತ್ತರ ಬೇಡ. ಒಂದೊಂದು ಅಂಶಕ್ಕೂ ಆಗುತ್ತದೆ, ಆಗುವುದಿಲ್ಲ, ಯಾವಾಗ ಆಗುತ್ತದೆ ಎಂದು ಕನ್ನಡದಲ್ಲಿ ಬರೆಯಿರಿ. ಮೇ ತಿಂಗಳೊಳಗೆ ಬಂದರೆ ಜೂನಿನಲ್ಲಿ ನವೀಕರಿಸುವವರಿಗೆ ಉಪಯೋಗವಾಗುತ್ತದೆ. ಜುಲೈ ಆದರೆ ಹಿಡಕಲ್ಲಿನ ಗೇಟಿನ ಸುದ್ದಿ ಕೇಳುವುದೇ ನಮಗೆ ಕೆಲಸವಾಗಿರುತ್ತದೆ.

ಇಂತಿ,
ಕೆಳಗಿನ ಪೇಟೆಯ ಅಂಗಡಿಕಾರರು, ನೇಕಾರರು, ಗಾಡಿಯವರು ಮತ್ತು ಮನೆ ಉದ್ದಿಮೆಯ ಮಹಿಳೆಯರು

ಲಗತ್ತು: 2019ರ ಮೂರು ಪಾಲಿಸಿಗಳ ಝೆರಾಕ್ಸ್ ಪ್ರತಿ, ಹೆಸರುಗಳನ್ನು ಮುಚ್ಚಲಾಗಿದೆ. ಮೂರನೆಯದು ನೀರಿನಲ್ಲಿ ನೆನೆದಿದ್ದರಿಂದ ಎರಡನೆಯ ಪುಟ ಮಸುಕಾಗಿ ಬಂದಿದೆ. ಬೇಕಾದರೆ ಮೂಲ ಪ್ರತಿಯನ್ನೇ ತಂದು ತೋರಿಸುತ್ತೇವೆ.